ಮನೆ ಬಿಚ್ಚಿ ಮನೆ ಉಳಿಸಿದ ವಿಜಯನಾಥ ಶೆಣೈ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ಹಿರಿಯರ ಮಾತು. ಎರಡೂ ಎಷ್ಟು ಕಷ್ಟದ ಕೆಲಸಗಳೆಂಬುದು ಮಾಡಿದವರಿಗೇ ಗೊತ್ತು. ಆದರೆ ಕಟ್ಟಿ ನೂರು-ನೂರೈವತ್ತು ವರ್ಷ ಸಂದ ಮನೆಯೊಂದನ್ನು ಕಂಬ ಕಂಬವಾಗಿ ಬಿಚ್ಚಿ, ಲಾರಿಗೆ ಹೇರಿ, ಹತ್ತಾರು ಮೈಲಿ ದೂರ ಸಾಗಿಸಿ, ಅಲ್ಲಿ ಮತ್ತೆ ಮೊದಲಿದ್ದ ಹಾಗೆಯೇ ನಿಲ್ಲಿಸುವ ಕೆಲಸ ಎಂಥದು? ಗಾದೆ ಮಾಡಿದವರಿಗೆ ಬಹುಶಃ ಅದು ಹೊಳೆದಿರಲಿಲ್ಲ.

ಉಡುಪಿಯ ವಿಜಯನಾಥ ಶೆಣೈಯವರಿಗೆ ಹೊಳೆಯಿತು. ಒಂದಲ್ಲ, ಹಲವು ಮನೆಗಳನ್ನು ಅವರು ಹೀಗೆ ಬಿಚ್ಚಿ ಮತ್ತೆ ಕಟ್ಟಿಸಿದರು. ಕುಂದಾಪುರ ಪೇಟೆಗೆ ಸೇರಿದ ವಡೇರಹೋಬಳಿಯ ಮನೆಯೊಂದು ಅದರಲ್ಲಿದೆ. ಕುಂದಾಪುರ ಸೀಮೆಯ ಹಳ್ಳಿಯಾದ ಹರ್ಕೂರಿನ 'ಒಳಗಿನಮನೆ'ಯೂ ಇದೆ. ಇವು ಇಂದು ಮಣಿಪಾಲದ ಗುಡ್ಡದ ಮೇಲೆ ನಿಂತಿವೆ.

ಸೋಜಿಗವೆಂದರೆ ಶೆಣೈಯವರು ವಾಸ್ತುಶಿಲ್ಪದ ಪದವೀಧರರಲ್ಲ, ಎಂಜಿನಿಯರೂ ಅಲ್ಲ. ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದವರು. (ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ಶಾಸ್ತ್ರೀಯ ಸಂಗೀತದ ಹುಚ್ಚು ಹಿಡಿಸಿಕೊಂಡು ಉಡುಪಿಯಲ್ಲಿ ಕಛೇರಿಗಳನ್ನು ಏರ್ಪಡಿಸಿದವರು. ಸಂಬಳದ ಮನುಷ್ಯ, ಪೇಟೆಯ ಸಾಮಾನ್ಯ ಗೃಹಸ್ಥ. ಅಂಥವರು ಕಟ್ಟಡ ಕಲಿಸುವ ಕಾಲೇಜುಗಳ ಹುಡುಗ ಹುಡುಗಿಯರೂ ಟಿಪ್ಪಣಿ ಪುಸ್ತಕ ಹಿಡಿದು ನೋಡಬೇಕಾದಂಥ ಒಂದು ಊರನ್ನೇ ಬಿಟ್ಟುಹೋದರು. ಅದು ಹೇಗೆ ಸಾಧ್ಯವಾಯಿತು? ಅದನ್ನು ತಿಳಿಯಬೇಕಾದರೆ ಮೊದಲು ನಮ್ಮ ಕರಾವಳಿಯ ಹಳೆಯ ಮನೆ ಎಂದರೇನು ಎಂದು ತಿಳಿಯಬೇಕು.

ಮಳೆಯೊಡನೆ ಮಾಡಿಕೊಂಡ ಒಪ್ಪಂದ

ಬೈಂದೂರಿನಿಂದ ಬ್ರಹ್ಮಾವರದವರೆಗಿನ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹಾಗಾದರೆ ನೂರು ಚದರ ಮೀಟರ್ ಜಾಗವನ್ನು ಮುಚ್ಚಿದ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರೆಷ್ಟು? ನಾಲ್ಕು ಲಕ್ಷ ಲೀಟರ್! ಇಷ್ಟು ನೀರು ಒಂದು ಗಳಿಗೆಯೂ ನಿಲ್ಲದೆ ಜಾರಿಹೋಗಬೇಕು. ಕರಾವಳಿಯ ಮನೆಯ ಕಡಿದಾದ ಮಾಡು ಈ ಲೆಕ್ಕದಿಂದ ಹುಟ್ಟಿದ್ದು. ಮಾಡು ಗೋಡೆಗಿಂತ ಮುಂದಕ್ಕೆ ಚಾಚಿ ಜಗಲಿಯನ್ನು ಮುಚ್ಚುವುದೂ ಇದೇ ಕಾರಣಕ್ಕೆ. ಗೋಡೆಗೆ ಎರಚಲು ಹೊಡೆಯಬಾರದು. ಬಾರಕೂರಿನ ಹಳೆಯ ದೇವಾಲಯಗಳನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಬಯಲುಸೀಮೆಯ ಗುಡಿಗಳ ಸಪಾಟು ಮಾಳಿಗೆ ಇಲ್ಲಿ ನಡೆಯಲಿಲ್ಲ. ದೇವರ ಮನೆಗೂ ಇಳಿಜಾರು ಮಾಡೇ ಬೇಕಾಯಿತು.

ಗೋಡೆಗೆ ಕಲ್ಲು ಕಾಲ ಬುಡದಲ್ಲೇ ಇತ್ತು. ಅದು ಮುರಕಲ್ಲು. ಹೊಸದಾಗಿ ಅಗೆದಾಗ ಮೆದುವಾಗಿದ್ದು ಕತ್ತಿ, ಕೊಡಲಿಗಳಿಂದಲೇ ಕಡಿದು ತೆಗೆಯಬಹುದಾದ ಈ ಕಲ್ಲು ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದರೊಳಗಿನ ಕಬ್ಬಿಣದ ಆಕ್ಸೈಡುಗಳು ಈ ಗುಣಕ್ಕೂ ಆ ಕೆಂಪು ಬಣ್ಣಕ್ಕೂ ಕಾರಣ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಲಬಾರಿನಲ್ಲಿ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಬಳಸುವುದನ್ನು ಕಂಡ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ 'ಲೇಟರ್' ಎಂದು ಹೆಸರು. ಅದರಿಂದ ಆತ 1807ರಲ್ಲಿ ಕೊಟ್ಟ 'ಲ್ಯಾಟರೈಟ್' ಎಂಬ ಹೆಸರನ್ನೇ ಇಂದು ಜಗತ್ತಿನ ಭೂವಿಜ್ಞಾನ ಪುಸ್ತಕಗಳೆಲ್ಲ ಬಳಸುತ್ತವೆ. ನಮ್ಮ ಅಂಗಳದ ಕಲ್ಲು ಲೋಕದ ಪಾಠಪುಸ್ತಕಕ್ಕೆ ಹೋದ ದಾರಿ ಇದು.

ಮಾಡಿನ ಹೊದಿಕೆ ಕಾಲಕ್ಕೆ ತಕ್ಕಂತೆ ಬದಲಾಯಿತು. ಮುಳಿಹುಲ್ಲು, ಕುಂಬಾರನ ಕೈಹಂಚು, ಆಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಒಂದಕ್ಕೊಂದು ಕಚ್ಚಿ ಕೂರುವ ಈ ಚಪ್ಪಟೆ ಹಂಚು ಮನೆಮನೆಗೆ ಬಂತು. ನೇತ್ರಾವತಿಯಂತೆ ಕುಂದಾಪುರದ ನದಿಗಳ ದಂಡೆಯಲ್ಲೂ ಹಂಚಿನ ಕಾರ್ಖಾನೆಗಳ ಹೊಗೆಗೂಡುಗಳು ಎದ್ದವು.

ಆದರೆ ಈ ಮನೆಯ ನಿಜವಾದ ಜೀವ ಇರುವುದು ಮರದಲ್ಲಿ. ಹಲಸು, ತೇಗ, ಬೋಗಿ, ಬೀಟೆ ಮರಗಳ ಕಂಬ, ತೊಲೆ, ಪಕಾಸು. ತಲೆಯ ಮೇಲೆ ಹಲಗೆ ಹೊದಿಸಿದ ಮುಚ್ಚಿಗೆ. ಹಂಚಿಗೂ ಮುಚ್ಚಿಗೆಗೂ ನಡುವೆ ಇರುವ ಗಾಳಿ ಬಿಸಿಲಿನ ಕಾವನ್ನು ಕೆಳಗೆ ಇಳಿಯಗೊಡುವುದಿಲ್ಲ. ಗಾಳಿ ಶಾಖವನ್ನು ಸುಲಭವಾಗಿ ದಾಟಿಸದ ವಸ್ತು ಎಂಬುದನ್ನು ಹೈಸ್ಕೂಲಿನ ಮಕ್ಕಳು ಓದುತ್ತಾರೆ. ಓದದ ಬಡಗಿಗೂ ಅದು ಗೊತ್ತಿತ್ತು. ಚೌಕಿಮನೆಯ ನಡು ಅಂಗಳದ ಕೆಲಸವೂ ಹೀಗೆಯೇ. ಬಿಸಿಯಾದ ಗಾಳಿ ಹಗುರಾಗಿ ಅಂಗಳದ ಮೂಲಕ ಮೇಲಕ್ಕೆ ಏರುತ್ತದೆ. ಅದರ ಜಾಗಕ್ಕೆ ಸುತ್ತಲಿನ ಜಗಲಿಯ ನೆರಳಿನ ತಂಪು ಗಾಳಿ ಬರುತ್ತದೆ. ಫ್ಯಾನು ಇಲ್ಲದ ಕಾಲದಲ್ಲಿ ಮೇ ತಿಂಗಳ ಮಧ್ಯಾಹ್ನವನ್ನು ಜನ ಕಳೆದದ್ದು ಈ ವಿಜ್ಞಾನದ ಬಲದಿಂದ.

ಮನೆಗಳು ಬಿದ್ದದ್ದೇಕೆ?

ಇಷ್ಟು ಜಾಣತನದಿಂದ ಕಟ್ಟಿದ ಮನೆಗಳು ಬಿದ್ದದ್ದು ಮಳೆಯಿಂದಲ್ಲ, ಗೆದ್ದಲಿನಿಂದ ಮಾತ್ರವೂ ಅಲ್ಲ. ಅವು ನಿಂತಿದ್ದ ನೆಲೆಗಟ್ಟೇ ಬದಲಾಯಿತು.

ದೊಡ್ಡ ಮನೆಯೆಂದರೆ ದೊಡ್ಡ ಕುಟುಂಬ. ಅಳಿಯಸಂತಾನದ ಕುಟುಂಬಗಳು ಪಾಲಾಗಲು 1949ರ ಮದ್ರಾಸ್ ಕಾಯಿದೆ ದಾರಿ ತೆರೆಯಿತು. ಗದ್ದೆ ಪಾಲಾಯಿತು, ತೋಟ ಪಾಲಾಯಿತು. ಚೌಕಿಮನೆಯನ್ನು ಪಾಲು ಮಾಡುವುದು ಹೇಗೆ? ನಡುವೆ ಗೋಡೆ ಎದ್ದಿತು, ಇಲ್ಲವೇ ಬಾಗಿಲಿಗೆ ಬೀಗ ಬಿತ್ತು. ಮಕ್ಕಳು ಮುಂಬಯಿಗೆ, ಬೆಂಗಳೂರಿಗೆ, ಮದ್ರಾಸಿಗೆ ಹೋದರು. ಹೋಟೆಲು ಇಟ್ಟರು, ನೌಕರಿ ಹಿಡಿದರು. ಕೋಟ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಈ ಹೋಗುವಿಕೆಯ ಪರಿಚಯವಿದೆ.

ಇನ್ನೊಂದು ಕಾರಣವನ್ನೂ ಮುಚ್ಚಿಡದೆ ಹೇಳಬೇಕು. ಈ ಮನೆಗಳ ಕಣಜ ತುಂಬುತ್ತಿದ್ದುದು ಬಹುಮಟ್ಟಿಗೆ ಒಕ್ಕಲುಗಳು ತಂದು ಅಳೆಯುತ್ತಿದ್ದ ಗೇಣಿ ಅಕ್ಕಿಯಿಂದ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ತಲೆತಲಾಂತರದಿಂದ ದುಡಿದವರಿಗೆ ನ್ಯಾಯ ಸಿಕ್ಕಿತು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ವರ್ಷವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿ, ಕೊಳೆತ ಪಕಾಸು ಬದಲಿಸಿ, ಮರಕ್ಕೆ ಎಣ್ಣೆ ಕಾಣಿಸುವಷ್ಟು ಆದಾಯ ಆ ಮನೆಗಳಿಗೆ ಉಳಿಯಲಿಲ್ಲ. ಒಂದು ಮಳೆಗಾಲ ಮಾಡು ಸೋರಿದರೆ ತೊಲೆ ಕೊಳೆಯುತ್ತದೆ. ಎರಡನೆಯದಕ್ಕೆ ಗೋಡೆ ಕೂರುತ್ತದೆ. ಆಗ ಮರದ ವ್ಯಾಪಾರಿ ಬರುತ್ತಾನೆ. ಕೆತ್ತನೆಯ ಕಂಬ ಪಟ್ಟಣದ ಹೋಟೆಲಿನ ಅಲಂಕಾರಕ್ಕೆ, ಬಾಗಿಲು ಹಳೆಯ ಸಾಮಾನಿನ ಅಂಗಡಿಗೆ, ಉಳಿದದ್ದು ಸೌದೆಗೆ. ಮನೆಯವರ ಕಷ್ಟವೂ ಸುಳ್ಳಲ್ಲ. ಮಗಳ ಮದುವೆಗೆ, ಮಗನ ಓದಿಗೆ ದುಡ್ಡು ಬೇಕು. ತಾರಸಿ ಮನೆಯಲ್ಲಿ ಸೋರುವ ಭಯವಿಲ್ಲ.

ವಿಜಯನಾಥ ಶೆಣೈ ಕಂಡದ್ದು ಈ ದೃಶ್ಯವನ್ನೇ. ಎಲ್ಲರೂ ಕಂಡದ್ದನ್ನೇ ಅವರೂ ಕಂಡರು. ಆದರೆ ಸುಮ್ಮನಿರಲಾರದೆ ಹೋದರು.

ಒಂದು ಬಾಗಿಲಿನಿಂದ ಒಂದು ಮನೆ

ಮೊದಮೊದಲು ಅವರು ಕೂಡಿಸಿದ್ದು ಬಿಡಿ ವಸ್ತುಗಳನ್ನು. ಬೀಳುತ್ತಿದ್ದ ಮನೆಗಳಿಂದ ಬಾಗಿಲು, ಕಂಬ, ಕಿಟಕಿ, ದೀಪ, ಪಾತ್ರೆ ಪಗಡಿ. ಬ್ಯಾಂಕಿನ ಸಂಬಳದಲ್ಲಿ ಇವನ್ನೆಲ್ಲ ಕೊಳ್ಳುವವನನ್ನು ಲೋಕ ಏನೆಂದು ಕರೆದೀತು ಎಂಬುದನ್ನು ಊಹಿಸಬಹುದು. ಆ ಬಿಡಿ ವಸ್ತುಗಳನ್ನೇ ಜೋಡಿಸಿ ಮಣಿಪಾಲದಲ್ಲಿ ತಮಗೊಂದು ಮನೆ ಕಟ್ಟಿದರು. 'ಹಸ್ತಶಿಲ್ಪ' ಎಂದು ಹೆಸರಿಟ್ಟರು. ಬೇರೆ ಬೇರೆ ಮನೆಗಳ ತುಂಡುಗಳು ಅಲ್ಲಿ ಒಂದೇ ಸಂಸಾರದವರಂತೆ ಹೊಂದಿಕೊಂಡವು.

ಮನೆಯ ಸುದ್ದಿ ಹಬ್ಬಿತು. ನೋಡಲು ಬರುವವರ ಸಾಲು ಬೆಳೆಯಿತು. ಕೊನೆಗೆ ಶೆಣೈಯವರು ಕನಸು ಕಂಡು ಕಟ್ಟಿದ ಆ ಮನೆಯನ್ನು ನೋಡುವವರಿಗೇ ಬಿಟ್ಟುಕೊಟ್ಟು ತಾವು ಕುಟುಂಬದೊಡನೆ ಬೇರೆಡೆ ವಾಸಕ್ಕೆ ಹೋದರು. ಮನೆ ಸಂಗ್ರಹಾಲಯವಾಯಿತು. ಕಟ್ಟಿದವನೇ ತನ್ನ ಮನೆಯಿಂದ ಹೊರಟುಹೋದ ಇಂಥ ಉದಾಹರಣೆ ಅಪರೂಪ. ಮನೆ ತನ್ನದೆಂಬ ಮೋಹಕ್ಕಿಂತ ಮನೆ ಉಳಿಯಬೇಕೆಂಬ ಹಂಬಲ ದೊಡ್ಡದಾಗಿತ್ತು.

ಅಲ್ಲಿಂದ ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಬಾಗಿಲೊಂದನ್ನು ಉಳಿಸಿದರೆ ಉಳಿಯುವುದು ಬಾಗಿಲು ಮಾತ್ರ. ಜಗಲಿಯಿಂದ ಚಾವಡಿಗೆ, ಚಾವಡಿಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆ ಮನೆಗೆ ಹೋಗುವ ನಡೆ ಉಳಿಯುವುದಿಲ್ಲ. ಮನೆ ಎಂಬುದು ವಸ್ತುಗಳ ರಾಶಿಯಲ್ಲ, ಒಂದು ಜೋಡಣೆ. ಆದ್ದರಿಂದ ಉಳಿಸುವುದಾದರೆ ಇಡೀ ಮನೆಯನ್ನೇ ಉಳಿಸಬೇಕು. ಇದಕ್ಕಾಗಿ ಹಸ್ತಶಿಲ್ಪ ಟ್ರಸ್ಟ್ ರೂಪುಗೊಂಡಿತು. ರಾಜ್ಯ ಸರ್ಕಾರದಿಂದ ಮಣಿಪಾಲದಲ್ಲಿ ಸುಮಾರು ಆರು ಎಕರೆ ಜಾಗ ದೊರೆಯಿತು. ನಾರ್ವೆಯಂಥ ದೂರದ ದೇಶದಿಂದಲೂ ನೆರವು ಬಂತು.

ಬಿಚ್ಚುವ ಶಾಸ್ತ್ರ

ಇಡೀ ಮನೆಯನ್ನು ಬಿಚ್ಚುವುದು ಸಾಧ್ಯವೇ? ಸಿಮೆಂಟಿನ ಮನೆಯಾದರೆ ಸಾಧ್ಯವಿಲ್ಲ. ಕಾಂಕ್ರೀಟು ಒಮ್ಮೆ ಗಟ್ಟಿಯಾದರೆ ಅದನ್ನು ಒಡೆಯಬಹುದೇ ಹೊರತು ಬಿಚ್ಚಲಾಗದು. ಸಿಮೆಂಟಿಗೂ ನೀರಿಗೂ ನಡೆಯುವ ರಾಸಾಯನಿಕ ಕ್ರಿಯೆ ಹಿಂದಕ್ಕೆ ಹೋಗುವಂಥದ್ದಲ್ಲ. ಹಳೆಯ ಮರದ ಕೆಲಸ ಹಾಗಲ್ಲ. ಕಂಬದ ತುದಿಯ ಗೂಟ ತೊಲೆಯ ತೂತಿನೊಳಗೆ ಕೂರುತ್ತದೆ. ತೊಲೆಗೆ ತೊಲೆ ಕಚ್ಚು ಹಾಕಿ ಸೇರುತ್ತದೆ. ಅದು ಜಾರದಂತೆ ಮರದ ಮೊಳೆ ಬೀಳುತ್ತದೆ. ಮೊಳೆ ತೆಗೆದರೆ ಜೋಡಣೆ ಬಿಡಿಸಿಕೊಳ್ಳುತ್ತದೆ. ಮನೆ ಕಟ್ಟಿದ ಬಡಗಿ ತನಗರಿವಿಲ್ಲದೆಯೇ ಅದನ್ನು ಬಿಚ್ಚುವ ದಾರಿಯನ್ನೂ ಇಟ್ಟುಹೋಗಿದ್ದ.

ಇಂಥ ಕೆಲಸದಲ್ಲಿ ಮೊದಲು ಕೈಗೆ ಬರುವುದು ಸುತ್ತಿಗೆಯಲ್ಲ, ಅಳತೆಯ ಟೇಪು. ಮನೆಯ ಪ್ರತಿ ಮೂಲೆಯ ನಕ್ಷೆ ಬರೆಯಬೇಕು, ಚಿತ್ರ ತೆಗೆಯಬೇಕು. ಪ್ರತಿ ಕಂಬ, ಪ್ರತಿ ಪಕಾಸು, ಮುಚ್ಚಿಗೆಯ ಪ್ರತಿ ಹಲಗೆಗೂ ಒಂದೊಂದು ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ನಕ್ಷೆಯಲ್ಲೂ ಇರಬೇಕು. ಕಟ್ಟುವಾಗ ಕೊನೆಗೆ ಏರಿದ್ದು ಬಿಚ್ಚುವಾಗ ಮೊದಲು ಇಳಿಯುತ್ತದೆ: ಹಂಚು, ರೀಪು, ಪಕಾಸು, ತೊಲೆ, ಕಡೆಗೆ ಕಂಬ. ಕೊಳೆತ ತುಂಡಿಗೆ ಅದೇ ಜಾತಿಯ ಮರದಲ್ಲಿ ಅದೇ ಅಳತೆಯ ಜೋಡಿ ಮಾಡಬೇಕು. ಗೋಡೆ ಮಾತ್ರ ಇಡಿಯಾಗಿ ಬರುವುದಿಲ್ಲ. ಅದನ್ನು ಹೊಸ ಜಾಗದಲ್ಲಿ ಹಳೆಯ ಅಳತೆಗೆ ಎಬ್ಬಿಸಬೇಕು. ಒಂದು ಸಂಖ್ಯೆ ತಪ್ಪಿದರೆ ಒಂದು ಕಂಬ ಅನಾಥ. ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಒಂದು ಪೈಸೆ ಬಿಡದೆ ತಾಳೆ ನೋಡುವ ಅಭ್ಯಾಸವಿದ್ದವರಿಗೆ ಈ ಶಿಸ್ತು ಹೊಸದಲ್ಲ.

ಇದನ್ನೆಲ್ಲ ಕೈಯಾರೆ ಮಾಡಿದವರು ಬಡಗಿಗಳು, ಕಲ್ಲು ಕೆಲಸದವರು. ಹಳೆಯ ಮನೆ ಬಿಚ್ಚುವುದೆಂದರೆ ಹಿಂದಿನ ಬಡಗಿಯ ಪಾಠವನ್ನು ಹಿಂದುಮುಂದಾಗಿ ಓದಿದ ಹಾಗೆ. ಕುಲಕಸುಬಿನ ಜಾಣ್ಮೆ ಇನ್ನೂ ಕೆಲವರ ಕೈಯಲ್ಲಿ ಉಳಿದಿದ್ದಾಗಲೇ ಈ ಕೆಲಸ ನಡೆದದ್ದು ಭಾಗ್ಯ. ಇಪ್ಪತ್ತು ವರ್ಷ ತಡವಾಗಿದ್ದರೆ ಮರ ಸಿಕ್ಕರೂ ಅದನ್ನು ಅರಿತ ಕೈ ಸಿಗುವುದು ಕಷ್ಟವಿತ್ತು.

ಆರು ಎಕರೆಯಲ್ಲಿ ಒಂದು ನಾಡು

ಇಂದು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ನಡೆದರೆ ಅರ್ಧ ದಿನದಲ್ಲಿ ಕರ್ನಾಟಕದ ಹಲವು ಸೀಮೆಗಳನ್ನು ಸುತ್ತಿದಂತಾಗುತ್ತದೆ. ವಡೇರಹೋಬಳಿಯ ಸಾರಸ್ವತ ಮನೆ, ಹರ್ಕೂರು ಒಳಗಿನಮನೆ, ಕುಂಜೂರು ಚೌಕಿಮನೆ, ಮಿಯಾರು ಮನೆ, ಭಟ್ಕಳದ ನವಾಯತರ ಮನೆ ಇವು ಕರಾವಳಿಯವು. ಘಟ್ಟದ ಮೇಲಿನಿಂದ ಬಂದ ಮುಧೋಳ ಅರಮನೆಯ ದರ್ಬಾರು, ಕುಕನೂರಿನ ಕಮಲ ಮಹಲು, ದಖನಿ ನವಾಬರ ಮಹಲು ಇವೆ. ರವಿವರ್ಮನ ಕಲ್ಲಚ್ಚಿನ ಚಿತ್ರಗಳೂ, ಕುಶಲಕರ್ಮಿಗಳ ಉಪಕರಣಗಳೂ ಇವೆ.

ನವಾಬನ ಮಹಲಿನ ಬಣ್ಣದ ಗಾಜು, ದೊಡ್ಡ ದೀಪಗಳು ಮಕ್ಕಳ ಕಣ್ಣು ಸೆಳೆಯುವುದು ಸಹಜ. ಆದರೆ ತಾಳ್ಮೆಯಿಂದ ನೋಡಬೇಕಾದದ್ದು ಹೋಲಿಕೆಯನ್ನು. ಮಳೆಯ ಸೀಮೆಯ ಮನೆಗೂ ಬಿಸಿಲ ಸೀಮೆಯ ಮನೆಗೂ ಏನು ವ್ಯತ್ಯಾಸ? ಒಂದರ ಮಾಡು ಏಕೆ ಕಡಿದು, ಇನ್ನೊಂದರ ಮಾಳಿಗೆ ಏಕೆ ಸಪಾಟು? ಸಾಗುವಳಿಯ ಕುಟುಂಬದ ಮನೆಯಲ್ಲಿ ಕಣಜ ಎಲ್ಲಿ, ವರ್ತಕನ ಮನೆಯಲ್ಲಿ ಜಗಲಿ ಎಷ್ಟು ಅಗಲ? ಪ್ರಶ್ನೆ ಕೇಳುವ ವಿದ್ಯಾರ್ಥಿಗೆ ಇಲ್ಲಿನ ಒಂದೊಂದು ಮನೆಯೂ ಭೂಗೋಳ, ಭೌತಶಾಸ್ತ್ರ, ಸಮಾಜಶಾಸ್ತ್ರ ಮೂರನ್ನೂ ಕಲಿಸುವ ಮೇಷ್ಟ್ರು.

ಸಮಾಜಶಾಸ್ತ್ರದ ಪಾಠ ಕಹಿಯಾದದ್ದೂ ಉಂಟು. ಈ ಮನೆಗಳು ಮನೆಗಳಾಗಿದ್ದ ಕಾಲದಲ್ಲಿ ಎಲ್ಲರೂ ಎಲ್ಲ ಬಾಗಿಲು ದಾಟುವಂತಿರಲಿಲ್ಲ. ಅಂಗಳದಲ್ಲಿ ನಿಲ್ಲಬೇಕಾದವರು ಯಾರು, ಜಗಲಿಯವರೆಗೆ ಬರಬಹುದಾದವರು ಯಾರು, ಒಳಗಿನವರು ಯಾರು ಎಂಬುದು ಹುಟ್ಟಿನಿಂದ ತೀರ್ಮಾನವಾಗುತ್ತಿತ್ತು. ಇಂದು ಅದೇ ಮನೆಯ ಅದೇ ಹೊಸ್ತಿಲನ್ನು ಟಿಕೆಟ್ ಕೊಂಡ ಯಾವ ಮಗುವೂ ದಾಟಿ ಒಳಕೋಣೆಯವರೆಗೆ ಹೋಗಬಹುದು. ಮನೆ ಸ್ಥಳಾಂತರವಾದಾಗ ಮರದ ಜತೆ ಬಾರದೆ ಹಿಂದೆ ಉಳಿದ ಒಳ್ಳೆಯ ಸಂಗತಿಯೆಂದರೆ ಇದೇ: ಆ ಕಟ್ಟಳೆಗಳು ಬರಲಿಲ್ಲ.

ಹಿಂದೆ ಉಳಿದ ಬೇರೆ ಸಂಗತಿಗಳೂ ಇವೆ. ಹರ್ಕೂರಿನ ಮನೆಯ ಜತೆ ಹರ್ಕೂರು ಬರಲಿಲ್ಲ. ಗದ್ದೆ, ತೋಡು, ಬಾವಿ, ನಾಗಬನ, ದೈವಸ್ಥಾನ ಯಾವುದನ್ನೂ ಲಾರಿಗೆ ಹೇರಲಾಗದು. ಒಲೆಯಲ್ಲಿ ಹೊಗೆಯಿಲ್ಲ, ತೊಟ್ಟಿಲಲ್ಲಿ ಮಗುವಿಲ್ಲ. ಬೇರು ಕಿತ್ತ ಮನೆ ಮನೆಯೇ? ಇದು ನ್ಯಾಯವಾದ ಪ್ರಶ್ನೆ. ಇದ್ದಲ್ಲೇ ಉಳಿಸುವುದಕ್ಕೆ ಸಮನಾದುದು ಬೇರೊಂದಿಲ್ಲ. ಆದರೆ ಶೆಣೈಯವರ ಮುಂದಿದ್ದ ಆಯ್ಕೆ ಹರ್ಕೂರೋ ಮಣಿಪಾಲವೋ ಎಂಬುದಾಗಿರಲಿಲ್ಲ. ಮಣಿಪಾಲವೋ ಮರದ ಮಂಡಿಯೋ ಎಂಬುದಾಗಿತ್ತು.

ಸ್ವೀಡನ್ನಿನ ಒಬ್ಬ ಮೇಷ್ಟ್ರು

ಈ ಪ್ರಶ್ನೆಯನ್ನು ಜಗತ್ತಿನಲ್ಲಿ ಮೊದಲು ಎದುರಿಸಿದವರಲ್ಲಿ ಒಬ್ಬ ಅಧ್ಯಾಪಕನಿದ್ದ. ಸ್ವೀಡನ್ನಿನ ಆರ್ಟುರ್ ಹಜೇಲಿಯಸ್ ಭಾಷೆ ಕಲಿಸುವ ಮೇಷ್ಟ್ರಾಗಿದ್ದ. ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ಕರಗುತ್ತಿರುವುದನ್ನು ಕಂಡು ಮೊದಲು ಉಡುಪು, ಉಪಕರಣ ಕೂಡಿಸಿದ. ಆಮೇಲೆ ದೇಶದ ಬೇರೆ ಬೇರೆ ಭಾಗಗಳ ರೈತರ ಮನೆಗಳನ್ನೇ ಬಿಚ್ಚಿ ತಂದು 1891ರಲ್ಲಿ ಸ್ಟಾಕ್‌ಹೋಮಿನಲ್ಲಿ 'ಸ್ಕಾನ್ಸೆನ್' ಎಂಬ ಬಯಲು ಸಂಗ್ರಹಾಲಯ ತೆರೆದ. ಅಲ್ಲಿಂದ ಈ ಪದ್ಧತಿ ಯುರೋಪಿನಲ್ಲೆಲ್ಲ ಹಬ್ಬಿತು. ಬಿಡಿ ವಸ್ತುವಿನಿಂದ ಇಡೀ ಮನೆಗೆ ಹೋದ ದಾರಿ ಇಬ್ಬರದೂ ಒಂದೇ. ಸ್ವೀಡನ್ನಿನ ಮೇಷ್ಟ್ರಾದರೇನು, ಉಡುಪಿಯ ಬ್ಯಾಂಕ್ ನೌಕರನಾದರೇನು, ಕಳೆದುಹೋಗುವುದನ್ನು ಕಂಡು ನೊಂದ ಮನಸ್ಸು ಹುಡುಕುವ ದಾರಿ ಒಂದೇ ಆಗಿರುತ್ತದೆ.

ಪದವಿ ಮತ್ತು ಕಣ್ಣು

ಪಿಯುಸಿ ಓದುತ್ತಿರುವವರೂ ಅವರ ತಂದೆತಾಯಿಗಳೂ ಇಲ್ಲಿ ಒಂದು ಮಾತು ಕೇಳಬಹುದು: ಪದವಿಯಿಲ್ಲದೆ ಇಷ್ಟು ಸಾಧ್ಯವಾದರೆ ಓದುವುದೇಕೆ? ಉತ್ತರ ಸ್ಪಷ್ಟ. ಜನ ವಾಸಿಸುವ ಕಟ್ಟಡ ನಿರ್ಮಿಸುವುದು ಜೀವದ ಹೊಣೆ. 1972ರ ಕಾಯಿದೆಯ ಪ್ರಕಾರ ಆರ್ಕಿಟೆಕ್ಚರ್ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರು ಮಾತ್ರ 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳಬಹುದು. ಅದಕ್ಕೆ ಐದು ವರ್ಷಗಳ ಬಿ.ಆರ್ಕ್ ಓದಬೇಕು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರಬೇಕು. 'ನಾಟಾ'ದಂಥ ಪ್ರವೇಶ ಪರೀಕ್ಷೆ ಬರೆಯಬೇಕು. ಮಣಿಪಾಲದಲ್ಲೇ 1978ರಿಂದ ಈ ಶಿಕ್ಷಣ ನಡೆಯುತ್ತಿದೆ. ಚಿತ್ರ ಬರೆಯುವ ಕೈ, ಲೆಕ್ಕದಲ್ಲಿ ಆಸಕ್ತಿ ಎರಡೂ ಇರುವ ಮಕ್ಕಳನ್ನು 'ಡಾಕ್ಟರೋ ಎಂಜಿನಿಯರೋ' ಎಂಬ ಎರಡೇ ಬಾಗಿಲುಗಳ ಮುಂದೆ ನಿಲ್ಲಿಸುವ ಪೋಷಕರು ಈ ಮೂರನೆಯ ಬಾಗಿಲನ್ನೂ ಒಮ್ಮೆ ತಟ್ಟಿ ನೋಡಬಹುದು. ನಮ್ಮ ಸಣ್ಣ ಪೇಟೆಗಳಲ್ಲಿ ಮನೆ ಕಟ್ಟುವವರು ಹೆಚ್ಚುತ್ತಿದ್ದಾರೆ. ಈ ಊರಿನ ಮಳೆ ಗೊತ್ತಿರುವ ವಾಸ್ತುಶಿಲ್ಪಿಗಳು ಬೇಕಾಗಿದ್ದಾರೆ. ಬಯಲುಸೀಮೆಯ ನಕ್ಷೆಯಂತೆ ತಾರಸಿ ಕಟ್ಟಿ, ಮೂರು ಮಳೆಗಾಲದಲ್ಲಿ ಸೋರಿ, ಕೊನೆಗೆ ಅದರ ಮೇಲೆ ತಗಡಿನ ಮಾಡು ಹೊದಿಸಿದ ಮನೆಗಳು ಹೆದ್ದಾರಿಯ ಉದ್ದಕ್ಕೂ ಕಾಣುತ್ತವೆ. ಹಳೆಯ ಬಡಗಿ ಮೇಲಿನಿಂದ ನೋಡಿ ನಗುತ್ತಿರಬೇಕು!

ಪದವಿ ಕೊಡಲಾಗದ್ದು ಒಂದಿದೆ, ಅದು ನೋಡುವ ಕಣ್ಣು. ಅದಕ್ಕೆ ಪ್ರವೇಶ ಪರೀಕ್ಷೆಯಿಲ್ಲ.

ವಿಜಯನಾಥ ಶೆಣೈ 2017ರ ಮಾರ್ಚ್ 9ರಂದು ನಿಧನರಾದರು. ಆಗ ಅವರಿಗೆ ಎಂಬತ್ತು ದಾಟಿತ್ತು. ತಾವು ಕೂಡಿಸಿದ ಊರಿನೊಳಗೆ ಜನ ನಡೆದಾಡುವುದನ್ನು ಕೊನೆಯ ವರ್ಷಗಳಲ್ಲಿ ಅವರು ಕಂಡಿದ್ದರು.

2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಹೊಸ ತಾಲೂಕುಗಳಾದವು. ಕುಂದಾಪುರವೂ ಸೇರಿ ಈ ಮೂರು ತಾಲೂಕುಗಳ ಒಳಹಳ್ಳಿಗಳಲ್ಲಿ ಇನ್ನೂ ಕೆಲವು ಮುಚ್ಚಿಗೆಯ ಮನೆಗಳು ನಿಂತಿವೆ. ಎಲ್ಲವನ್ನೂ ಉಳಿಸಲಾಗದು, ಎಲ್ಲವನ್ನೂ ಮಣಿಪಾಲಕ್ಕೆ ಒಯ್ಯಲೂ ಆಗದು. ಆದರೆ ಬೇಸಗೆ ರಜೆಯಲ್ಲಿ ಅಜ್ಜಿಮನೆಗೆ ಹೋಗುವ ಮಗುವಿನ ಕೈಯಲ್ಲಿ ಒಂದು ಅಳತೆ ಟೇಪು, ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಇದ್ದರೆ ಸಾಕು. ಜಗಲಿಯ ಉದ್ದ ಅಗಲ, ಕಂಬಗಳ ಎಣಿಕೆ, ಪ್ರತಿ ಕೋಣೆಗೆ ಮನೆಯವರು ಕರೆಯುವ ಹೆಸರು, ಮರ ಯಾವುದು, ಮಾಡಿಗೆ ಹಂಚು ಬಂದದ್ದು ಯಾವಾಗ ಎಂಬುದನ್ನು ಅಜ್ಜಿಯನ್ನು ಕೇಳಿ ಬರೆದುಕೊಳ್ಳಬಹುದು. ನಾಳೆ ಮನೆ ಉಳಿಯದಿದ್ದರೂ ನಕ್ಷೆ ಉಳಿಯುತ್ತದೆ. ಬಿಚ್ಚಿದ ಮನೆಯ ಕಂಬಗಳನ್ನು ಮತ್ತೆ ನಿಲ್ಲಿಸಲು ಮೊದಲು ಬೇಕಾದದ್ದೂ ಅದೇ.